ಕೂತದ್ದು ಇಪ್ಪತ್ತೆರಡು ನಿಮಿಷ

ನನ್ನ ಮೇಲಿನ ಆರೋಪ ನಿಜ. ನಾನು ಕೂತಿದ್ದೆ.

ಗುರುವಾರ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷದಿಂದ ಒಂದು ಇಪ್ಪತ್ತೇಳರವರೆಗೆ ಕೂತಿದ್ದೆ. ಒಟ್ಟು ಇಪ್ಪತ್ತೆರಡು ನಿಮಿಷ. ಊಟದ ಹಾಲ್‌ನ ಕ್ಯಾಮೆರಾದಲ್ಲಿ ಪೂರ್ತಿ ದಾಖಲಾಗಿದೆ. ಕೂತದ್ದು ಕಮೋಡ್ ಕುರ್ಚಿಯ ಮೇಲೆ. ಮುಚ್ಚಳ ಹಾಕಿತ್ತು. ಜನ ಹಕ್ಕುಗಳಿಗಾಗಿ ಬೀದಿಗಿಳಿದಿದ್ದಾರೆ, ಏಟು ತಿಂದಿದ್ದಾರೆ, ಜೈಲಿಗೆ ಹೋಗಿದ್ದಾರೆ. ನಾನು ಬಂಡೆದ್ದದ್ದು ಪಾಯಿಖಾನೆಯ ಕುರ್ಚಿಯ ಮೇಲೆ ಕೂತು. ಅವರವರ ಯೋಗ್ಯತೆ.

ನಾನು ಕೆಲಸ ಮಾಡುವುದು ವೃದ್ಧರ ಆರೈಕೆ ಕೇಂದ್ರದಲ್ಲಿ. ಮೂವತ್ತನಾಲ್ಕು ಹಾಸಿಗೆ. ಹಗಲು ಪಾಳಿಗೆ ಐದು ಜನ ಆಯಾಗಳು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ‘ಆರೈಕೆ ಸಹಾಯಕಿ’ ಎಂದಿದೆ. ಕರೆಯುವಾಗ ‘ಏಯ್’. ನಿವಾಸಿಗಳು ಮಾತ್ರ ನನ್ನನ್ನು ಉದ್ದಕ್ಕ ಎನ್ನುತ್ತಾರೆ. ನಾನು ಐದು ಅಡಿ ಹತ್ತು ಅಂಗುಲ ಇದ್ದೇನೆ. ನನ್ನ ಜೊತೆಯವಳು ನಾಲ್ಕು ಅಡಿ ಹನ್ನೊಂದು. ಅವಳು ಗಿಡ್ಡಕ್ಕ. ಇಬ್ಬರೂ ಸೇರಿ ಒಬ್ಬರನ್ನು ಎತ್ತಿದರೆ ಹಾಸಿಗೆಯಲ್ಲಿದ್ದವರು ಓರೆಯಾಗಿ ಏಳುತ್ತಾರೆ.

ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ ಪಾಳಿ. ಒದ್ದೆಯಾದವರನ್ನು ಒರೆಸುವುದು. ಮಗ್ಗುಲು ತಿರುಗಿಸುವುದು. ಹಲ್ಲಿಲ್ಲದ ಬಾಯಿ ತೊಳೆಯುವುದು. ಬೆನ್ನಿನ ಹುಣ್ಣಿಗೆ ಔಷಧ ಮೆತ್ತುವುದು. ಉಗುರು ಕತ್ತರಿಸುವುದು. ಅರವತ್ತು ಎಪ್ಪತ್ತು ಕೆಜಿ ತೂಕದ ಮನುಷ್ಯರನ್ನು ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಕಮೋಡ್ ಕುರ್ಚಿಗೆ, ಅಲ್ಲಿಂದ ಸ್ನಾನಕ್ಕೆ ಹೊತ್ತು ಹಾಕುವುದು. ಇಷ್ಟನ್ನೂ ಮಾಡುವಾಗ ಮುಖದಲ್ಲಿ ನಗು ಇರಬೇಕು ಎಂದು ನೇಮಕದ ಪತ್ರದಲ್ಲೇ ಬರೆದಿದೆ. ಬಾಗಿಲು ದಾಟಿದ ಕೂಡಲೇ ಎದುರಿಗೆ ಗೋಡೆಯ ಮೇಲೆ ಮೂರು ಮಾತು: ಘನತೆ, ಕರುಣೆ, ಆರೈಕೆ. ಒಂದೊಂದು ಅಕ್ಷರವೂ ಗಿಡ್ಡಕ್ಕನ ಸೊಂಟದಷ್ಟು ಎತ್ತರ. ವಾರಕ್ಕೊಮ್ಮೆ ಅವನ್ನು ಒರೆಸುವುದೂ ನಾವೇ.

ಎರಡು ವರ್ಷದ ಹಿಂದೆ ಕ್ಯಾಮೆರಾ ಬಂತು. ನಿವಾಸಿಗಳ ಮನೆಯವರು ಎಲ್ಲಿದ್ದರೂ ಮೊಬೈಲಿನಲ್ಲಿ ನೋಡಬಹುದು ಎಂದರು. ನೋಡಿದರು. ಒಂದು ತಿಂಗಳೊಳಗೆ ದೂರು ಬಂತು. ಏಳನೇ ಹಾಸಿಗೆಯ ಅಜ್ಜಿಗೆ ಒಬ್ಬ ಅಳಿಯ. ಕ್ಯಾಮೆರಾ ಬರುವ ತನಕ ಅತ್ತೆಯನ್ನು ನೋಡಿದವನಲ್ಲ, ಬಂದ ಮೇಲೆ ನೋಡದೆ ಇದ್ದವನಲ್ಲ. ಪರದೆಯ ಚಿತ್ರ ತೆಗೆದು ಕಳಿಸಿದ್ದ. ‘ಕೂತು ಕಾಲ ಕಳೆಯುತ್ತಿರುವ ಸಿಬ್ಬಂದಿ’ ಎಂದು ಕೆಳಗೆ ಬರೆದಿದ್ದ. ಚಿತ್ರದಲ್ಲಿದ್ದವಳು ನಾನು. ಅವನ ಅತ್ತೆಯ ತಲೆಯಲ್ಲಿ ಹೇನು ತೆಗೆಯುತ್ತಿದ್ದೆ. ಚಿತ್ರ ಚೆನ್ನಾಗಿಯೇ ಬಂದಿತ್ತು. ನನ್ನ ಬೇರೆ ಯಾವ ಫೋಟೋದಲ್ಲೂ ನಾನು ಅಷ್ಟು ಆರಾಮವಾಗಿ ಕಂಡಿಲ್ಲ.

ಮಾರನೇ ವಾರ ನಿಯಮ ಬಂತು. ಸಿಬ್ಬಂದಿ ನಿವಾಸಿಗಳ ಎದುರು ಕೂರುವಂತಿಲ್ಲ. ಪ್ಲಾಸ್ಟಿಕ್ ಹೊದಿಸಿ ಪ್ರತಿ ಕೋಣೆಯಲ್ಲೂ ಅಂಟಿಸಿದರು. ನಾವು ಕೂರುತ್ತಿದ್ದ ಸ್ಟೂಲುಗಳನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ನೀಲಿ ಮೆತ್ತೆಯ ಕುರ್ಚಿಗಳು ಉಳಿದವು. ಅವು ನೋಡಲು ಬರುವವರಿಗೆ. ಬರುವವರು ಕಡಿಮೆ, ಆದ್ದರಿಂದ ಮೆತ್ತೆ ಇನ್ನೂ ಹೊಸದಾಗಿದೆ. ನಾವು ಮುಟ್ಟಬಹುದಾದ ಕುರ್ಚಿಗಳು ಎರಡೇ ಜಾತಿ: ಗಾಲಿಕುರ್ಚಿ, ಕಮೋಡ್ ಕುರ್ಚಿ. ಒಂದನ್ನು ತಳ್ಳಬೇಕು, ಇನ್ನೊಂದನ್ನು ತೊಳೆಯಬೇಕು.

ಆಗ ನಾನೇನು ಮಾಡಿದೆ ಎಂದು ಕೇಳಿದರೆ ಹೇಳಲು ನಾಚಿಕೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಆ ನಿಯಮವನ್ನು ಓದಿ ಹೇಳುತ್ತಿದ್ದವಳು ನಾನೇ. ಯಾರಾದರೂ ಮಂಚದ ಅಂಚಿಗೆ ಸೊಂಟ ಆನಿಸಿದರೆ ಗಂಟಲು ಕೆರೆದು ಕ್ಯಾಮೆರಾದ ಕಡೆ ಕಣ್ಣು ತೋರಿಸುತ್ತಿದ್ದವಳೂ ನಾನೇ. ವರ್ಷದ ಕೊನೆಗೆ ‘ಸದಾ ಸಿದ್ಧ’ ಎನ್ನುವ ಪ್ರಶಸ್ತಿಪತ್ರ ಕೊಟ್ಟರು. ಚೌಕಟ್ಟು ಹಾಕಿಸಿ ಮನೆಯಲ್ಲಿ ನೇತು ಹಾಕಿದೆ. ಅದರ ಕೆಳಗೇ ನಿಂತುಕೊಂಡು ಊಟ ಮಾಡುತ್ತಿದ್ದೆ. ಒಂದು ದಿನ ಮಗಳು ತಟ್ಟೆಯಿಂದ ತಲೆ ಎತ್ತಿ, “ಅಮ್ಮಾ, ಇಲ್ಲಿ ಕ್ಯಾಮೆರಾ ಇಲ್ಲ, ಕೂತ್ಕೊ,” ಎಂದಳು. ನಾನು ನಿಜವಾಗಿಯೂ ಒಮ್ಮೆ ಸೂರಿನ ಮೂಲೆ ನೋಡಿದೆ.

ಇನ್ನು ಟೈಲರ್ ತಾತನ ವಿಷಯ.

ವಯಸ್ಸು ಎಪ್ಪತ್ತೊಂಬತ್ತು. ಐವತ್ತು ವರ್ಷ ಬಟ್ಟೆ ಹೊಲಿದವರು. ಲಕ್ವಾ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೆ ತಂದು ಬಿಟ್ಟರು. ಒಬ್ಬಳೇ ಮಗಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಭಾನುವಾರ ಬರುತ್ತಿದ್ದಳು. ತಾತನ ಮಾತು ತೊದಲು, ತಲೆ ಮಾತ್ರ ಚುರುಕು. ಬಲಗೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಚುವುದು, ಉಜ್ಜಿ ಗೆರೆ ಹಾಕುವುದು, ಬಿಡಿಸುವುದು, ಮತ್ತೆ ಮಡಿಚುವುದು. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಂಗೆ ಹೊಲಿಯೋಕೆ ಬಟ್ಟೆ ಸಾಲಲ್ಲ,” ಎಂದರು. ಇಷ್ಟು ಹೇಳಲು ಒಂದು ನಿಮಿಷ ಹಿಡಿಯಿತು. ನಗಲು ನನಗೂ ಅಷ್ಟೇ ಹಿಡಿಯಿತು.

ಅವರ ತೊಂದರೆ ಇದ್ದದ್ದು ನುಂಗುವುದರಲ್ಲಿ. ಲಕ್ವಾ ಹೊಡೆದವರಿಗೆ ಗಂಟಲು ಮೊದಲಿನಂತೆ ಕೆಲಸ ಮಾಡುವುದಿಲ್ಲ. ಊಟ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತದೆ. ಕೆಮ್ಮು ಬರುತ್ತದೆ. ಪದೇಪದೇ ಹೋದರೆ ಎದೆಯಲ್ಲಿ ಕೀವು ಕಟ್ಟುತ್ತದೆ. ಅದಕ್ಕೇ ಒಬ್ಬಳು ಥೆರಪಿಸ್ಟ್ ಬಂದು ಊಟ ಮಾಡಿಸುವುದು ಹೇಗೆ ಎಂದು ತೋರಿಸಿ ಹೋದಳು. ನೀಲಿ ಕುರ್ಚಿಯಲ್ಲಿ ಕೂತು ಹನ್ನೆರಡು ತುತ್ತು ಕೊಟ್ಟಳು. ತಾತ ಒಮ್ಮೆಯೂ ಕೆಮ್ಮಲಿಲ್ಲ. ನಾನು ಅವಳ ಹಿಂದೆ ಕೈಕಟ್ಟಿ ನಿಂತು ನೋಡಿದೆ. ಎಲ್ಲ ಕಲಿತೆ. ಅರೆದ ಊಟವೇ ಆಗಬೇಕು. ಅರ್ಧ ಚಮಚ. ಗದ್ದ ಎದೆಗೆ ಹತ್ತಿರ. ನುಂಗಿದ ಮೇಲೆ ಮುಂದಿನ ತುತ್ತು. ಅವಳು ಕೂತಿದ್ದಾಳೆ ಎನ್ನುವುದು ಮಾತ್ರ ಕಲಿಯಬೇಕಾದ ಪಾಠ ಅಂತ ನನಗೆ ಅನ್ನಿಸಲೇ ಇಲ್ಲ. ಹೊರಗಿನಿಂದ ಬಂದವರು ಕೂರುತ್ತಾರೆ. ಅದು ಅವರ ಹಕ್ಕು.

ಮಾರನೇ ದಿನದಿಂದ ನಾನು ನಿಂತು ಊಟ ಮಾಡಿಸಿದೆ. ಐದು ಅಡಿ ಹತ್ತು ಅಂಗುಲದ ಮೇಲಿನಿಂದ ಚಮಚ ಇಳಿಯುತ್ತಿತ್ತು. “ಗದ್ದ ಕೆಳಗೆ, ತಾತ,” ಎಂದು ಪ್ರತಿ ತುತ್ತಿಗೂ ಹೇಳುತ್ತಿದ್ದೆ. ಪಾಪ, ಅವರು ಗದ್ದ ಕೆಳಗೆ ಮಾಡುತ್ತಿದ್ದರು. ಆಮೇಲೆ ಚಮಚ ಎಲ್ಲಿದೆ ಎಂದು ಹುಡುಕಿ ಬಾಯಿ ಮೇಲೆತ್ತುತ್ತಿದ್ದರು. ಹಕ್ಕಿಮರಿಯ ಹಾಗೆ. ಊಟ ಜಾರುತ್ತಿತ್ತು. ಕೆಮ್ಮು ಬರುತ್ತಿತ್ತು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಬೆನ್ನು ತಟ್ಟುತ್ತಿದ್ದೆ. ಆಮೇಲೆ ಫೈಲು ತೆಗೆದು ಬರೆಯುತ್ತಿದ್ದೆ.

ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬ ಇತ್ತು. ಬೇರೆಯವರು ‘ಊಟ ಆಯಿತು’ ಎಂದು ಗೀಚಿ ಬಿಡುತ್ತಾರೆ. ನಾನು ಹಾಗಲ್ಲ. ಎಷ್ಟು ಗಂಟೆಗೆ, ಎಷ್ಟು ತುತ್ತು, ಯಾವ ತುತ್ತಿಗೆ ಕೆಮ್ಮು, ಎಷ್ಟು ಹೊತ್ತು, ಎಲ್ಲ ಬರೆಯುತ್ತೇನೆ. ಒಂದು ಸುಳ್ಳಿಲ್ಲ. ಮೂರು ವಾರದಲ್ಲಿ ನನ್ನ ಪಾಳಿಯಲ್ಲಿ ಮೂವತ್ತಾರು ಊಟ. ಮೂವತ್ತೊಂದರಲ್ಲಿ ಕೆಮ್ಮು. ದುಂಡನೆಯ ಅಕ್ಷರ, ಕೆಳಗೆ ಸಹಿ. ಡಾಕ್ಟರು ಶನಿವಾರ ಬಂದವರು ಆ ಹಾಳೆಗಳನ್ನು ತಿರುವಿ, “ಇಷ್ಟು ನೀಟಾಗಿ ಯಾರೂ ಬರೆಯಲ್ಲ,” ಎಂದು ಮ್ಯಾನೇಜರ್ ಮುಂದೆ ಹೊಗಳಿದರು. ನಾನು ಉಬ್ಬಿಹೋದೆ. ಅದೇ ಉಸಿರಿನಲ್ಲಿ, “ಬಾಯಿಂದ ಊಟ ಇನ್ನು ಆಗಲ್ಲ. ಗುರುವಾರ ಎರಡು ಗಂಟೆಗೆ ಬಂದು ಮೂಗಿಗೆ ಟ್ಯೂಬ್ ಹಾಕ್ತೀನಿ,” ಎಂದರು.

ಮ್ಯಾನೇಜರ್ ತಲೆ ಆಡಿಸಿದರು. ಟ್ಯೂಬ್ ಹಾಕಿದರೆ ಊಟಕ್ಕೆ ಆಯಾ ಬೇಕಿಲ್ಲ. ಒಂದು ಚೀಲ ನೇತು ಹಾಕಿದರೆ ಮುಗಿಯಿತು. ನಮ್ಮಲ್ಲಿ ಆಗಲೇ ಆರು ಜನರಿಗೆ ಟ್ಯೂಬ್ ಇದೆ. ಕೆಲವರಿಗೆ ಅದು ಬೇಕೇಬೇಕು, ಅದಿಲ್ಲದೆ ಬದುಕುವುದಿಲ್ಲ. ಕೆಲವರಿಗೆ ಯಾಕೆ ಹಾಕಿದರು ಎಂದು ನಾನು ಈಗ ಯೋಚಿಸುತ್ತೇನೆ, ಆಗ ಯೋಚಿಸಿರಲಿಲ್ಲ. ತಲೆ ನೆಟ್ಟಗಿರುವವರು ಟ್ಯೂಬ್ ಕೀಳುತ್ತಾರೆ. ಅದಕ್ಕೆ ದಪ್ಪನೆಯ ಕೈಗವಸು ಹಾಕಿ ಮಣಿಕಟ್ಟನ್ನು ಮಂಚದ ಸರಳಿಗೆ ಕಟ್ಟುತ್ತೇವೆ. ಕಟ್ಟುವವರು ನಾವೇ. ನನ್ನ ಗಂಟು ಬಿಗಿಯಾಗಿರುತ್ತದೆ, ಬಿಚ್ಚಲೂ ಸುಲಭ. ಅದಕ್ಕೂ ನನ್ನನ್ನು ಹೊಗಳುತ್ತಾರೆ.

ಟೈಲರ್ ತಾತ ಎದುರಿನ ಮಂಚದವರನ್ನು ನೋಡುತ್ತಿದ್ದರು. ಅವರಿಗೆ ಎರಡೂ ಕೈ ಕಟ್ಟಿತ್ತು. ಭಾನುವಾರ ಮಗಳು ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹೋದಳು. ಸೋಮವಾರ ಬೆಳಿಗ್ಗೆ ಒರೆಸುವಾಗ ತಾತ ನನ್ನ ಮುಂಗೈ ಹಿಡಿದರು.

“ಪೈಪ್ ಹಾಕ್ತಾರಂತೆ.”

“ಹೂಂ ತಾತ. ಎದೆಗೆ ಊಟ ಹೋಗಬಾರದಲ್ಲ.”

“ಕೈ ಕಟ್ತೀಯಾ?”

ನಾನು ಒದ್ದೆ ಬಟ್ಟೆ ಹಿಂಡಿದೆ. ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚಿಗೆ ಹಿಂಡಿದೆ.

“ಬೇಡ,” ಎಂದರು. “ಹೊಲಿಯೋ ಕೈ.”

ಅಂದೇ ಮಧ್ಯಾಹ್ನ ಚಮಚ ಕೈಜಾರಿ ಬಿತ್ತು. ತೆಗೆಯಲು ಕುಕ್ಕರಗಾಲಿನಲ್ಲಿ ಕೂತೆ. ಮೊಣಕಾಲು ಹಿಡಿದುಕೊಂಡಿತು, ತಕ್ಷಣ ಏಳಲಾಗಲಿಲ್ಲ. ಸರಿ, ಏಳುವ ತನಕ ಸುಮ್ಮನಿರುವುದು ಯಾಕೆ ಎಂದು ಬೇರೆ ಚಮಚದಿಂದ ಅಲ್ಲಿಂದಲೇ ಒಂದು ತುತ್ತು ಕೊಟ್ಟೆ. ತಾತ ಕೆಳಗೆ ನೋಡಿದರು. ಬಾಯಿ ತೆರೆದರು. ನುಂಗಿದರು. ಕೆಮ್ಮಿಲ್ಲ. ಇನ್ನೊಂದು. ಕೆಮ್ಮಿಲ್ಲ. ಏಳು ತುತ್ತು ಕೊಟ್ಟೆ. ಅಷ್ಟಕ್ಕೆ ಕಾಲು ಜೋಮು ಹಿಡಿದು ಗಾಲಿಕುರ್ಚಿ ಹಿಡಿದು ಎದ್ದೆ. ನಿಂತು ಎಂಟನೆಯದು ಕೊಟ್ಟೆ. ಕೆಮ್ಮು.

ನಾನು ದಡ್ಡಿ, ಆದರೆ ಲೆಕ್ಕ ಬರುತ್ತದೆ. ಮಂಗಳವಾರ ಬೇಕೆಂದೇ ಪರೀಕ್ಷೆ ಮಾಡಿದೆ. ನಿಂತು ಐದು ತುತ್ತು, ಎರಡು ಸಲ ಕೆಮ್ಮು. ಕುಕ್ಕರಗಾಲಿನಲ್ಲಿ ಐದು ತುತ್ತು, ಕೆಮ್ಮಿಲ್ಲ. ಆಮೇಲೆ ತಾತನ ಫೈಲು ತೆಗೆದು, ನಾನು ಬರೆದ ಹಾಳೆಗಳ ಹಿಂದೆ ಏನಿದೆ ಎಂದು ಮೊದಲ ಬಾರಿಗೆ ನೋಡಿದೆ. ಥೆರಪಿಸ್ಟ್ ಬರೆದುಕೊಟ್ಟ ಹಾಳೆ ಇತ್ತು. ಮೊದಲನೆಯ ಸಾಲು: ‘ಊಟ ಮಾಡಿಸುವವರು ರೋಗಿಯ ಕಣ್ಣಿನ ಮಟ್ಟಕ್ಕೆ ಕೂತಿರಬೇಕು.’ ಅದೇ ಫೈಲಿನಲ್ಲಿ ನಾನು ಮೂವತ್ತೊಂದು ಸಲ ಕೆಮ್ಮು ಬರೆದಿದ್ದೆ. ಒಂದು ಸುಳ್ಳಿಲ್ಲ. ನಾನು ನಿಂತಿದ್ದೆ ಎನ್ನುವುದೊಂದನ್ನು ಮಾತ್ರ ಬರೆದಿರಲಿಲ್ಲ.

ಬುಧವಾರ ಮ್ಯಾನೇಜರ್ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತೆ.

“ಸಾರ್, ಒಂದು ಸ್ಟೂಲು ಬೇಕಿತ್ತು. ಊಟದ ಹೊತ್ತಿಗೆ ಮಾತ್ರ.”

“ಯಾರಿಗೆ?”

“ನಂಗೆ, ಸಾರ್. ಟೈಲರ್ ತಾತಂಗೆ ಕೂತು ತಿನ್ಸಿದ್ರೆ ಕೆಮ್ಮು ಬರಲ್ಲ. ನೋಡಿದೀನಿ.”

“ನಾಳೆ ಟ್ಯೂಬ್ ಹಾಕ್ತಾರಲ್ಲಮ್ಮ. ಆಮೇಲೆ ಕೂತು ತಿನ್ಸೋದು ಎಲ್ಲಿಂದ ಬಂತು?”

“ಅದಕ್ಕೇ ಸಾರ್, ಇವತ್ತೇ ಕೊಟ್ರೆ...”

“ಒಬ್ಬಳು ಕೂತ್ರೆ ಐದೂ ಜನ ಕೂರ್ತೀರಿ. ಆ ಅಳಿಯಂಗೆ ನಾನೇನು ಹೇಳ್ಲಿ? ಬರೆದು ಕೊಡು, ನೋಡೋಣ.”

ಬರೆದು ಕೊಟ್ಟೆ. ನನಗೆ ಬರೆಯುವುದು ಗೊತ್ತಲ್ಲ. ದುಂಡನೆಯ ಅಕ್ಷರ, ಕೆಳಗೆ ಸಹಿ. ಅವರು ಅದನ್ನು ಮೇಜಿನ ಮೇಲಿನ ತಂತಿ ಬುಟ್ಟಿಗೆ ಹಾಕಿದರು. ಬುಟ್ಟಿಯ ತಳದಲ್ಲಿದ್ದ ಕಾಗದ ಹಳದಿಯಾಗಿತ್ತು. ನಾನು “ಥ್ಯಾಂಕ್ಸ್ ಸಾರ್” ಎಂದು ಬೇರೆ ಹೇಳಿ ಬಂದೆ.

ಗುರುವಾರ ಹನ್ನೆರಡೂವರೆಗೆ ಊಟ ಶುರುವಾಯಿತು. ತಾವೇ ತಿನ್ನಲಾಗದವರು ಒಬ್ಬೊಬ್ಬ ಆಯಾಗೆ ನಾಲ್ವರು. ನನ್ನ ಉಳಿದ ಮೂವರಿಗೆ ಒಂದು ಗಂಟೆ ಮೂರು ನಿಮಿಷದ ಹೊತ್ತಿಗೆ ಮುಗಿಸಿದೆ. ಎರಡು ಗಂಟೆಗೆ ಡಾಕ್ಟರು ಬರುತ್ತಾರೆ. ಅಲ್ಲಿಯವರೆಗೆ ತಾತನಿಗೆ ಒಂದೇ ಊಟ ಉಳಿದಿತ್ತು. ನೀಲಿ ಕುರ್ಚಿಗಳ ಕಡೆ ನೋಡಿದೆ. ಹನ್ನೊಂದು ಕುರ್ಚಿ, ಹನ್ನೊಂದೂ ಖಾಲಿ. ಒಂದನ್ನು ಎಳೆದುಕೊಳ್ಳಬಹುದಿತ್ತು. ಧೈರ್ಯ ಬರಲಿಲ್ಲ. ಈ ಮಾತನ್ನು ಬರೆಯದೆ ಬಿಟ್ಟರೆ ನನ್ನ ಗೌರವ ಉಳಿಯುತ್ತದೆ, ಆದರೆ ನಡೆದದ್ದು ಅದೇ. ನನ್ನ ಕಾಲು ತಾನಾಗಿ ಸ್ನಾನದ ಮನೆಯ ಕಡೆ ಹೋಯಿತು. ಬೆಳಿಗ್ಗೆ ನಾನೇ ತೊಳೆದು, ಔಷಧ ಹಾಕಿ ಒರೆಸಿ, ಅಲ್ಲಿನ ಕಿಟಕಿಯ ಬಿಸಿಲಿಗೆ ಇಟ್ಟಿದ್ದ ಕಮೋಡ್ ಕುರ್ಚಿ. ಒಳಗಿನ ಬಕೆಟ್ ತೆಗೆದೆ. ಮುಚ್ಚಳ ಹಾಕಿದೆ. ತಳ್ಳಿಕೊಂಡು ಹಾಲಿಗೆ ಬಂದೆ. ಅದರ ಒಂದು ಚಕ್ರ ಕಿರುಗುಟ್ಟುತ್ತದೆ. ಎಲ್ಲರೂ ತಿರುಗಿ ನೋಡಿದರು.

ತಾತನ ಎದುರಿಗೆ ಇಟ್ಟೆ. ಕೂತೆ.

ಕೂತ ಮೇಲೆ ಮೊದಲು ತಿಳಿದದ್ದು ಅವರ ಕಣ್ಣು ಕಂದು ಬಣ್ಣದ್ದು ಎಂದು. ಮೂರು ವಾರ ನಾನು ನೋಡಿದ್ದು ಅವರ ನೆತ್ತಿಯನ್ನು.

“ಯಾರದು?” ಎಂದರು.

“ನಾನೇ ತಾತ, ಉದ್ದಕ್ಕ.”

“ಗಿಡ್ಡ ಆಗಿದೀಯ.” ಆಮೇಲೆ ನಾನು ಕೂತದ್ದು ಏನರ ಮೇಲೆ ಎಂದು ಬಗ್ಗಿ ನೋಡಿದರು. ಬಾಯಿಯ ಬಲಗಡೆ ಮಾತ್ರ ನಗಲು ಬರುತ್ತದೆ. ಅಷ್ಟನ್ನು ನಕ್ಕರು. “ನಂಗೆ ಊಟ. ನಿಂಗೆ?”

“ನಂಗೆ ಊಟ ಕರಗಿದ ಮೇಲಿನ ಕೆಲಸ, ತಾತ. ಗದ್ದ ಕೆಳಗೆ.”

ಮೊದಲ ತುತ್ತು ನುಂಗಿದರು. ಎರಡು. ಮೂರು. ಗಿಡ್ಡಕ್ಕ ಪಕ್ಕದ ಮೇಜಿನಿಂದ ಪಿಸುಗುಟ್ಟಿದಳು.

“ಏಯ್, ತಲೆ ಕೆಟ್ಟಿದೆಯೇನೇ? ಮೇಲೆ ಕ್ಯಾಮೆರಾ.”

“ಗೊತ್ತು ಕಣೇ.”

“ಏಳೇ. ಕಮೋಡು ಕಣೇ ಅದು, ಊಟದ ಹಾಲಲ್ಲಿ.”

“ತೊಳೆದವಳು ನಾನೇ. ನಿಮ್ಮ ಮನೆ ತಟ್ಟೆಗಿಂತ ಚೊಕ್ಕಟವಾಗಿದೆ.”

ಎಂಟನೇ ತುತ್ತಿಗೆ ಮ್ಯಾನೇಜರ್ ಬಂದರು. ಅಳಿಯ ಫೋನು ಮಾಡಿದ್ದನೋ, ಇವರೇ ನೋಡಿದರೋ ತಿಳಿಯದು. ನನಗೆ ಅವರ ಬೆಲ್ಟು ಕಾಣುತ್ತಿತ್ತು. ಬೆಲ್ಟಿನ ಎತ್ತರದಿಂದ ಲೋಕ ಹೇಗೆ ಕಾಣುತ್ತದೆ ಎನ್ನುವುದು ನಮ್ಮ ಮೂವತ್ತನಾಲ್ಕು ಜನರಿಗೆ ಗೊತ್ತು. ನನಗೆ ಆಗ ಗೊತ್ತಾಯಿತು.

“ಏನಿದು?”

“ಊಟ, ಸಾರ್.”

“ಇದರ ಮೇಲೆ ಯಾಕೆ ಕೂತಿದೀಯ?”

“ಬೇರೆ ಕುರ್ಚಿ ಮುಟ್ಟೋ ಹಾಗಿಲ್ಲವಲ್ಲ, ಸಾರ್.”

“ಎದ್ದೇಳು.”

ನಾನು ಏಳಲು ಹೊರಟೆ. ಇದನ್ನೂ ಹೇಳಿಬಿಡಬೇಕು. ಒಂಬತ್ತು ವರ್ಷದ ಅಭ್ಯಾಸ, ಆ ದನಿ ಕೇಳಿದರೆ ಮೊಣಕಾಲು ನನ್ನನ್ನು ಕೇಳದೆ ನೆಟ್ಟಗಾಗುತ್ತದೆ. ಸೊಂಟ ಅರ್ಧ ಅಂಗುಲ ಎದ್ದಿತ್ತು. ಚಮಚ ಕೂಡ ಎದ್ದಿತು. ತಾತನ ಕಣ್ಣು ಚಮಚದ ಹಿಂದೆ ಮೇಲೆ ಹೋಯಿತು. ಗದ್ದ ಮೇಲೆ ಹೋಯಿತು. ಬಾಯಿ ತೆರೆಯಿತು.

ನಾನು ಕೂತೆ.

“ಏಳಲ್ಲ, ಸಾರ್.”

“ಏನಂದೆ?”

“ಏಳಲ್ಲ ಅಂದೆ. ಇನ್ನೂ ಒಂಬತ್ತು ತುತ್ತಿದೆ. ಮುಗಿಸಿ ಏಳ್ತೀನಿ. ನಿಮಗೆ ಅರ್ಜೆಂಟಿದ್ರೆ ನೀವು ತಿನ್ಸಿ. ಆದ್ರೆ ನೀವೂ ಇದರ ಮೇಲೆ ಕೂತೇ ತಿನ್ಸಬೇಕು.”

ಏಳನೇ ಹಾಸಿಗೆಯ ಅಜ್ಜಿ, ಯಾರನ್ನೂ ಗುರುತು ಹಿಡಿಯದವರು, “ಊಟದ ಹೊತ್ತಲ್ಲಿ ಜಗಳ ಆಡಬಾರದು,” ಎಂದರು. ಮ್ಯಾನೇಜರ್ ಕಿವಿ ಕೆಂಪಾಯಿತು. ನಾನು ಒಂಬತ್ತು ತುತ್ತು ಕೊಟ್ಟೆ. ತಾತನ ಅಂಗಿಗೆ ಎರಡು ಕಡೆ ಚೆಲ್ಲಿದೆ. ಹದಿನೇಳು ತುತ್ತಿಗೆ ಒಂದೂ ಕೆಮ್ಮು ಇಲ್ಲ. ಆಮೇಲೆ ಅಲ್ಲೇ ಫೈಲು ತೆಗೆದು ಬರೆದೆ: ‘ಇಂದು ಕೂತು ಊಟ ಮಾಡಿಸಿದೆ. ಇಪ್ಪತ್ತೆರಡು ನಿಮಿಷ, ಹದಿನೇಳು ತುತ್ತು, ಕೆಮ್ಮು ಇಲ್ಲ. ಹಿಂದೆ ಕೆಮ್ಮು ಬಂದ ಮೂವತ್ತೊಂದು ಸಲವೂ ಊಟ ಮಾಡಿಸಿದವಳು ನಿಂತಿದ್ದಳು. ಅವಳು ನಾನೇ.’ ಕೆಳಗೆ ಸಹಿ.

ಡಾಕ್ಟರು ಎರಡು ಗಂಟೆಗೆ ಸರಿಯಾಗಿ ಬಂದರು. ಮಗಳೂ ಅಂಗಡಿಯಿಂದ ರಜೆ ಹಾಕಿ ಬಂದಿದ್ದಳು. ಟ್ಯೂಬಿನ ಪೊಟ್ಟಣ ಟ್ರೇನಲ್ಲಿತ್ತು, ಪಕ್ಕದಲ್ಲಿ ಕೈಗವಸು. ಡಾಕ್ಟರು ಫೈಲು ಓದಿದರು. ಇನ್ನೊಮ್ಮೆ ಓದಿದರು.

“ಇದನ್ನ ಮೊದಲೇ ಯಾಕೆ ಬರೀಲಿಲ್ಲ?”

“ಊಟ ಮಾಡಿಸಿದವರು ಕೂತಿದ್ರೋ ನಿಂತಿದ್ರೋ ಅನ್ನೋ ಕಾಲಂ ಇಲ್ಲ, ಡಾಕ್ಟ್ರೇ.”

“ನಂಗೆ ಹೇಳಬಹುದಿತ್ತಲ್ಲ. ವಾರ ವಾರ ಬರ್ತೀನಿ.”

“ನೀವೂ ನಿಂತೇ ನೋಡಿ ಹೋಗ್ತೀರಲ್ಲ.”

ಅವರಿಗೆ ಸಿಟ್ಟು ಬಂತು. ಬಂದರೂ ಗಿಡ್ಡಕ್ಕನಿಗೆ ಹೇಳಿ ಪುಡಿ ಕಲಸಿ ಗಂಜಿಯಷ್ಟು ಗಟ್ಟಿ ಮಾಡಿದ ಒಂದು ಲೋಟ ನೀರು ತರಿಸಿದರು. ನೀಲಿ ಕುರ್ಚಿ ಎಳೆದು ಕೂತು ತಾವೇ ನಾಲ್ಕು ಚಮಚ ಕುಡಿಸಿದರು. ತಾತ ನುಂಗಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. “ಹದಿನೈದು ದಿನ ನೋಡೋಣ,” ಎಂದರು. “ಪ್ರತಿ ಊಟವೂ ಕೂತೇ ಮಾಡಿಸಬೇಕು. ಎದೆ ಕೆಟ್ಟರೆ, ತೂಕ ಇಳಿದರೆ ಟ್ಯೂಬೇ ಗತಿ. ಆಗ ನನ್ನನ್ನ ಏನೂ ಕೇಳಬೇಡಿ.” ಮ್ಯಾನೇಜರ್ “ಖಂಡಿತ ಡಾಕ್ಟ್ರೇ” ಎಂದರು.

ಮಗಳು ನನ್ನನ್ನು ಮೂಲೆಗೆ ಕರೆದಳು. ಉಪಕಾರ ಸ್ಮರಿಸುತ್ತಾಳೆ ಎಂದು ನಾನು ಸೆರಗು ಸರಿಮಾಡಿಕೊಂಡೆ.

“ಭಾನುವಾರ ನಾನು ಸಹಿ ಹಾಕಿದ್ದು ನೀವು ಬರೆದದ್ದು ಓದಿ,” ಎಂದಳು. “ಮೂವತ್ತೊಂದನ್ನೂ ಓದ್ದೆ. ಇಷ್ಟು ಚೆನ್ನಾಗಿ ಬರ್ದಿದಾರೆ, ಇದು ತಪ್ಪಿರಲ್ಲ ಅಂದ್ಕೊಂಡೆ.”

ಅಷ್ಟು ಹೇಳಿ ಅಪ್ಪನ ಅಂಗಿಗೆ ಚೆಲ್ಲಿದ್ದನ್ನು ಒರೆಸಲು ಹೋದಳು.

ಶುಕ್ರವಾರ ಬೆಳಿಗ್ಗೆ ನನಗೆ ಎರಡು ಕಾಗದ ಕೊಟ್ಟರು. ಮೊದಲನೆಯದು ನೋಟಿಸು. ಆರೋಪ ಮೂರು: ನಿಯಮ ಮೀರಿ ಕೂತದ್ದು, ಶೌಚದ ಉಪಕರಣವನ್ನು ಊಟದ ಜಾಗಕ್ಕೆ ತಂದದ್ದು, ಮೇಲಧಿಕಾರಿಗೆ ಎದುರು ಮಾತಾಡಿದ್ದು. ಸೋಮವಾರ ಒಂದು ಗಂಟೆಗೆ ವಿಚಾರಣೆ. ಎರಡನೆಯದು ವರ್ಗಾವಣೆ. ಅಲ್ಲಿಯವರೆಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಊಟದ ಹಾಲಿಗೆ ಕಾಲಿಡುವಂತಿಲ್ಲ.

ಗಿಡ್ಡಕ್ಕನನ್ನು ಬಾಗಿಲಲ್ಲಿ ಹಿಡಿದೆ. ತಾತ ಅವಳ ಪಾಲಿಗೆ ಹೋಗಿದ್ದರು.

“ಕೂತು ತಿನ್ಸೇ. ಡಾಕ್ಟ್ರು ಹೇಳಿದಾರೆ.”

“ಡಾಕ್ಟ್ರು ಹೇಳಿದಾರೆ, ಸ್ಟೂಲು ಕೊಟ್ಟಿದಾರಾ? ಮ್ಯಾನೇಜರ್ ಕೇಳಿದ್ರೆ ಪರಿಶೀಲನೇಲಿದೆ ಅಂತಾರೆ.”

“ಕಮೋಡ್ ಕುರ್ಚಿ ಇದೆಯಲ್ಲ.”

“ನಂಗೆ ಮನೇಲಿ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ನಿನ್ನ ಹಾಗೆ ಬುದ್ಧಿ ಕೆಡಿಸ್ಕೊಳ್ಳೋಕೆ ನಂಗೆ ಪುರುಸೊತ್ತಿಲ್ಲ ಕಣೇ. ಹೇಗೂ ನಾನು ಗಿಡ್ಡ. ನಿಂತ್ರೂ ಅರ್ಧ ಕೂತ ಹಾಗೆ.”

ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ. ಎರಡು ವರ್ಷ ಅವಳು ಕೂರದ ಹಾಗೆ ಕಾವಲು ಕಾದವಳು ನಾನು.

ಒಗೆಯುವ ಕೋಣೆಯಲ್ಲಿ ಮೂರು ಯಂತ್ರ. ಅವುಗಳ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಲಿನಲ್ಲಿ ಯಾರು ಕೆಮ್ಮಿದರು ಎಂದು ಕೇಳುವ ಪ್ರಶ್ನೆಯೇ ಇಲ್ಲ. ಮೂರು ದಿನ ಹಾಸಿಗೆ ಬಟ್ಟೆ ತಿರುವಿದೆ. ತಾತನ ಅಂಗಿ ಸಿಕ್ಕಿದರೆ ಎದೆಯ ಭಾಗ ಹುಡುಕುತ್ತಿದ್ದೆ. ಕೆಮ್ಮಿದರೆ ಊಟ ಸಿಡಿದು ಕಲೆ ಅಗಲವಾಗಿ ಬೀಳುತ್ತದೆ. ಶುಕ್ರವಾರದ್ದು ಅಗಲವಾಗಿತ್ತು. ಶನಿವಾರದ್ದು ಹೇಳಲು ಬರುವಂತಿರಲಿಲ್ಲ. ಭಾನುವಾರ ನನಗೆ ಅಂಗಿ ಸಿಗಲಿಲ್ಲ.

ಸೋಮವಾರ ಒಂದು ಗಂಟೆಗೆ ಮ್ಯಾನೇಜರ್ ಕೋಣೆಗೆ ಹೋದೆ. ಬಾಗಿಲಲ್ಲಿ ನಿಂತೆ.

“ಬಾಮ್ಮ. ಕೂತ್ಕೊ,” ಎಂದರು. ವಿಚಾರಣೆಗೆ ಕುರ್ಚಿ ಕೊಡಬೇಕು ಎಂದು ಎಲ್ಲೋ ನಿಯಮ ಇರಬೇಕು. ಕೂತೆ.

ಒಂದು ಕಾಗದ ಮುಂದೆ ತಳ್ಳಿದರು. ಅವರೇ ಟೈಪು ಮಾಡಿಸಿದ್ದರು. ‘ಕಾಲು ನೋವಿದ್ದ ಕಾರಣ, ವಿಶ್ರಾಂತಿಗಾಗಿ, ತಿಳಿಯದೆ ಕೂತೆ. ಕ್ಷಮೆ ಇರಲಿ.’ ಸಹಿ ಹಾಕಿದರೆ ಒಗೆಯುವ ಕೋಣೆಯಲ್ಲೇ ಕೆಲಸ ಉಳಿಯುತ್ತದೆ ಎಂದರು.

“ಕಾಲು ನೋವು ನಿಜ, ಸಾರ್. ಒಂಬತ್ತು ವರ್ಷದ್ದು. ಆದ್ರೆ ಕೂತಿದ್ದು ಅದಕ್ಕಲ್ಲ. ವಿಶ್ರಾಂತಿಗೂ ಅಲ್ಲ. ತಿಳಿಯದೆಯೂ ಅಲ್ಲ. ಇದರಲ್ಲಿ ನಿಜ ಇರೋದು ‘ಕೂತೆ’ ಅನ್ನೋದೊಂದೇ. ಉಳಿದದ್ದು ಹೊಡೆದು ಹಾಕಿ, ಸಹಿ ಹಾಕ್ತೀನಿ.”

“ನಿನ್ನನ್ನ ಬಿಟ್ರೆ ಈ ಕೇಂದ್ರ ಮುಚ್ಚಿಹೋಗುತ್ತೆ ಅಂದ್ಕೊಂಡಿದೀಯಾ?”

“ಇಲ್ಲ, ಸಾರ್.”

“ನೋಡು. ನೀನಿಲ್ಲದೆಯೂ ಕೆಲಸ ಹೇಗೆ ನಡೀತಿದೆ ನೋಡು.” ಮೇಜಿನ ಮೇಲಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ತಾವು ನೋಡದೆಯೇ ತಿರುಗಿಸಿದರು.

ಊಟದ ಹಾಲ್. ಸದ್ದಿಲ್ಲದ ಚಿತ್ರ. ಟೈಲರ್ ತಾತನ ಎದುರಿಗೆ ಕಮೋಡ್ ಕುರ್ಚಿ. ಅದರ ಮೇಲೆ ಗಿಡ್ಡಕ್ಕ. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಕಿಟಕಿಯ ಪಕ್ಕ ಎರಡನೆಯ ಕಮೋಡ್ ಕುರ್ಚಿ, ಅದರಲ್ಲಿ ಹೋದ ತಿಂಗಳು ಸೇರಿದ ಆಯಾ. ಅಡುಗೆಯವನು ಮೂರನೆಯದನ್ನು ಬಾಗಿಲಿನಿಂದ ತಳ್ಳಿಕೊಂಡು ಬರುತ್ತಿದ್ದ.

ನನ್ನ ಮುಖ ನೋಡಿ ಮ್ಯಾನೇಜರ್ ಪರದೆಯ ಕಡೆ ಬಗ್ಗಿದರು. ಕುರ್ಚಿ ಹಿಂದಕ್ಕೆ ತಳ್ಳಿ ಓಡಿದರು.

ನಾನು ಅಲ್ಲೇ ಕೂತು ತಾತನನ್ನು ನೋಡಿದೆ. ಕೆಮ್ಮಿದರೆ ಅವರ ಭುಜ ಕುಲುಕುತ್ತದೆ. ಪರದೆಯಲ್ಲೂ ಕಾಣಬೇಕು. ತುತ್ತು ಎಣಿಸಿದೆ. ನಾನು ನೋಡಲು ಶುರು ಮಾಡಿದ ಮೇಲೆ ನಾಲ್ಕು, ಐದು, ಆರು. ಭುಜ ಅಲುಗಲಿಲ್ಲ. ಏಳನೆಯದಕ್ಕೆ ಮ್ಯಾನೇಜರ್ ಪರದೆಯೊಳಗೆ ಬಂದರು. ಗಿಡ್ಡಕ್ಕನ ಪಕ್ಕ ನಿಂತು ಕೈ ಎತ್ತಿ ಏನೋ ಹೇಳಿದರು. ಅವಳು ತಲೆ ಎತ್ತಲಿಲ್ಲ. ಚಮಚ ತುಂಬಿ, ತಾತನ ತುಟಿಯ ಹತ್ತಿರ ಹಿಡಿದು, ಕಾದಳು.

ತಾತ ನುಂಗಿದರು.